ಕೊರಳಲ್ಲಿದ್ದ ಕೀಲಿ

ಉಮರ್ಗಾ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಸುಮಂಗಲಾ ಹೊಸ ಲ್ಯಾಪ್‌ಟಾಪನ್ನು ಕೆಲಸಕ್ಕೆ ಅಣಿ ಮಾಡುತ್ತ ಕುಳಿತಿದ್ದಳು. ಗಂಡ ವೈಜನಾಥ ತೀರಿಕೊಂಡ ಮೇಲೆ ಕೋಣೆ ಮಳೆಗಾಲವಿಡೀ ಮುಚ್ಚಿತ್ತು. ಹಳೆಯ ಕಂಪ್ಯೂಟರಿಗೆ ತಂಪು ಹಿಡಿದು ಅದು ಮೇಲೇಳಲಿಲ್ಲ. ಅವನು ಬರೆದದ್ದೆಲ್ಲ ಬೇರೊಂದು ಡಿಸ್ಕಿನಲ್ಲಿ ಭದ್ರವಾಗಿತ್ತು. ಹೊಸ ಯಂತ್ರಕ್ಕೆ ಮೊದಲು ಡೇಟಾಬೇಸು, ಆಮೇಲೆ ಪುಣೆ ಕಂಪನಿಯ ಸಾಫ್ಟ್‌ವೇರು, ಅದರ ಮೇಲೆ ಅದರ ತಿದ್ದುಪಡಿಗಳು, ಕೊನೆಗೆ ಅವನ ಬರಹ. ಈ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು. ಹಿಂದೆ ಅವಳು ಓದಿ ಹೇಳುತ್ತಿದ್ದಳು, ಅವನು ಒತ್ತುತ್ತಿದ್ದ.

ಎಲ್ಲೂ ತಪ್ಪಾಗಲಿಲ್ಲ. ಕೊನೆಯದನ್ನು ತೆರೆದಾಗ ಬಿಳಿಯ ಚೌಕವೊಂದು ಬಂತು. ಲೈಸೆನ್ಸ್ ಕೀ ಸಿಗಲಿಲ್ಲ, ಜೋಡಿಸಿ ಮತ್ತೆ ಪ್ರಯತ್ನಿಸಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿತ್ತು.

ಇದು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕೀಲಿ ಎಲ್ಲಿದೆ ಎಂಬುದೂ ಗೊತ್ತಿತ್ತು. ಅದು ಮಾಕಣಿಯಲ್ಲಿ, ಮಾವ ಮಾಣಿಕಪ್ಪನ ಹೊಲದಲ್ಲಿ, ಬೇವಿನ ಗಿಡದ ಬುಡಕ್ಕೆ, ಮಣ್ಣಿನೊಳಗೆ ಕುಳಿತ ಅವಳ ಗಂಡನ ಎದೆಯ ಮೇಲಿತ್ತು. ಕೊನೆಯ ಮೆಟ್ಟಿಲಿನವರೆಗೂ ಯಾವುದೂ ಕೀಲಿ ಕೇಳುವುದಿಲ್ಲವಾದ್ದರಿಂದ ಅಲ್ಲಿಯ ತನಕ ಹೋಗಿ ಬಂದಳು, ಅಷ್ಟೆ.

ವೈಜನಾಥ ಉದಗೀರ, ನಿಲಂಗಾ ಕಡೆಯ ದಾಲ್ ಮಿಲ್ಲುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದ. ತೊಗರಿಯ ಟ್ರ್ಯಾಕ್ಟರು ಕಾಟಾದ ಮೇಲೆ ನಿಂತು ತೂಗಿಸಿಕೊಂಡ ಗಳಿಗೆಯಿಂದ ಬೇಳೆಯ ಚೀಲ ಲಾರಿ ಹತ್ತುವವರೆಗಿನ ಲೆಕ್ಕವೆಲ್ಲ ಅದರಲ್ಲಿ. ಮೂಲ ಸಾಫ್ಟ್‌ವೇರು ಪುಣೆಯ ಕಂಪನಿಯದು. ಅದನ್ನು ಬಿಚ್ಚಿ, ಮಿಲ್ಲಿಗೆ ಹೊಂದುವಂತೆ ತಿದ್ದಿ ಕಟ್ಟುವ ಪರವಾನಗಿ ಅವನ ಹೆಸರಿನಲ್ಲಿತ್ತು. ಮಿಲ್ಲಿನಲ್ಲಿ ಓಡುವ ಪ್ರೋಗ್ರಾಮಿಗೆ ಕೀಲಿ ಬೇಡ, ತಿದ್ದುವ ಯಂತ್ರಕ್ಕೆ ಮಾತ್ರ ಬೇಕು. ಆ ಯಂತ್ರವನ್ನು, ಅದರೊಳಗೆ ಜೋಡಿಸಿಟ್ಟ ಸಲಕರಣೆಗಳ ಸಮೇತ, ಅವನು ಅಡಿಗಿಮನಿ ಎಂದು ಕರೆಯುತ್ತಿದ್ದ. ಗಿರಾಕಿ ಪಡಸಾಲೆಯಲ್ಲಿ ಉಂಡು ಹೋಗುತ್ತಾನೆ, ಒಲೆಯ ಹತ್ತಿರ ಅವನಿಗೇನು ಕೆಲಸ ಅನ್ನುತ್ತಿದ್ದ.

ಸುಮಂಗಲಾ ಭಾಲ್ಕಿಯವಳು, ಬಿಸಿಎ ಓದಿದವಳು. ಮದುವೆಯಾಗಿ ಬಂದ ವರ್ಷದಿಂದ ಕೋಣೆಯ ಅರ್ಧ ಕೆಲಸ ಅವಳದಾಗಿತ್ತು. ಅವನು ಬರೆದದ್ದನ್ನು ಪರೀಕ್ಷಿಸುವುದು, ಮಿಲ್ಲುಗಳಿಗೆ ಹೋಗಿ ಕೂಡಿಸುವುದು, ಅಲ್ಲಿ ಲೆಕ್ಕ ಬರೆಯುವ ಮುನೀಮರ ಸಿಟ್ಟು ಕೇಳಿಸಿಕೊಳ್ಳುವುದು. ಮಕ್ಕಳಾಗಲಿಲ್ಲ. ಇಬ್ಬರೂ ಬೆಳಗಿನಿಂದ ಅದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ.

ಅವನ ಒಂದು ಚೇಷ್ಟೆಯ ಮೇಲೆ ಮಾತ್ರ ಅವಳಿಗೆ ತಕರಾರಿತ್ತು. ಸಂಜೆ ಮುನೀಮರು ಪ್ರೋಗ್ರಾಂ ಮುಚ್ಚುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ನಾಳಿ ಬರ್ತೀರಲ್ಲ? ಮರಾಠಿ ಸೀಮೆಯ ಮಿಲ್ಲುಗಳಾದ್ದರಿಂದ ಉಳಿದದ್ದೆಲ್ಲ ಮರಾಠಿಯಲ್ಲಿದ್ದರೂ ಇದೊಂದು ಕನ್ನಡ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಕೆಳಗೆ ಒಂದೇ ಗುಂಡಿ: ಹೂಂ. ಅದನ್ನು ಒತ್ತದೆ ಪ್ರೋಗ್ರಾಂ ಮುಚ್ಚುತ್ತಿರಲಿಲ್ಲ. ಉದಗೀರದ ಮಿಲ್ಲಿನ ಮುನೀಮ ಕೈಲಾಸ, ಬರದೇ ಎಲ್ಲಿಗೆ ಹೋಗಲಿ, ಇವನೇನು ನನ್ನ ಹೆಂಡತಿಯೇ ಎಂದು ದಿನಾ ಬೈದು ದಿನಾ ಒತ್ತುತ್ತಿದ್ದ. ನಿಲಂಗಾದ ಮಿಲ್ಲಿನವರಿಗೆ ಕನ್ನಡ ಬಾರದು. ಅವರು ಅರ್ಥ ಕೇಳಿ ತಿಳಿದುಕೊಂಡು, ಬದಲಿಸುವುದು ಬೇಡ ಎಂದಿದ್ದರು. ಕೆಲಸದ ಪ್ರೋಗ್ರಾಮಿನಲ್ಲಿ ಇಂಥದ್ದೇಕೆ, ತೆಗೆದುಬಿಡಿ ಎಂದು ಸುಮಂಗಲಾ ಎಷ್ಟೋ ಸಲ ಹೇಳಿದ್ದಳು. ಮುಂದಿನ ಸಲ ನೋಡೋಣ ಅನ್ನುತ್ತಿದ್ದ.

ಕೀಲಿಯನ್ನು ಎಲ್ಲರೂ ಡಾಂಗಲ್ ಅನ್ನುತ್ತಾರೆ. ನೋಡಲಿಕ್ಕೆ ಪೆನ್‌ಡ್ರೈವಿನ ಹಾಗೆ, ಬೆರಳಿನಷ್ಟು ಉದ್ದದ ನೀಲಿ ಪ್ಲಾಸ್ಟಿಕ್ಕು. ಒಂದು ಸಲ ವೈಜನಾಥ ಅದನ್ನು ನಿಲಂಗಾ ಬಸ್ಸಿನಲ್ಲಿ ಕಳೆದುಕೊಂಡಿದ್ದ. ಪುಣೆಗೆ ಹೋಗಿ ಕೈಮುಗಿದು ಇನ್ನೊಂದು ತಂದ. ಇದೇ ಕೊನೆ, ಮತ್ತೆ ಕಳೆದರೆ ಕೊಡುವುದಿಲ್ಲ ಎಂದು ಕಂಪನಿ ಬರೆಸಿಕೊಂಡಿತು. ಅಂದಿನಿಂದ ಡಾಂಗಲ್ ಕರಿ ದಾರದಲ್ಲಿ ಅವನ ಕೊರಳಿಗೆ ಬಂತು. ಅಂಗಿಯೊಳಗೆ ಲಿಂಗದ ಬೆಳ್ಳಿ ಕರಡಿಗೆ, ಅದರ ಪಕ್ಕ ಇದು. ಕೆಲಸಕ್ಕೆ ಕೂತಾಗ ತೆಗೆದು ಯಂತ್ರಕ್ಕೆ ಚುಚ್ಚುವನು, ಎದ್ದಾಗ ಮತ್ತೆ ಕೊರಳಿಗೆ. ತಾಯಿ ಶೇವಂತಾಬಾಯಿ ನಗಾಡುತ್ತಿದ್ದಳು.

"ಎರಡು ಲಿಂಗ ಕಟ್ಟಿದಾಂವನ್ನ ನಾ ಎಲ್ಲೂ ನೋಡಿಲ್ಲ ನೋಡಪ್ಪಾ. ಯಾವುದಕ್ಕ ಮೊದ್ಲ ಪೂಜಿ ಮಾಡ್ತಿ?"

ಬೇಸಿಗೆಯ ಕೊನೆಗೆ ಅವನು ಮಾಕಣಿಗೆ ಹೋಗಿದ್ದ. ಬೆಳಿಗ್ಗೆ ಬಾವಿಯ ಮೋಟಾರು ಚಾಲು ಮಾಡಲು ಬಗ್ಗಿದವನು ಅಲ್ಲೇ ಕುಸಿದ. ಹೃದಯ ನಿಂತಿತು ಎಂದರು ಡಾಕ್ಟರು. ಸುಮಂಗಲಾ ಉಮರ್ಗಾದಿಂದ ಬಂದು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಜಳಕ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂಡಿಸಿದ್ದರು. ಅವರ ಕುಲದಲ್ಲಿ ಸುಡುವುದಿಲ್ಲ. ಹೊಲದಲ್ಲಿ ಕುಣಿ ತೋಡಿ, ಕೂತ ಭಂಗಿಯಲ್ಲಿ ಇಳಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಮಣ್ಣು ಮಾಡುತ್ತಾರೆ.

ಕುಣಿಯ ಬಾಯಲ್ಲಿ, ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ಇಟ್ಟರು. ಕರಿ ದಾರವನ್ನೂ ತೆಗೆಯಲು ಕೈ ಹಾಕಿದರು. ಶೇವಂತಾಬಾಯಿ ತಡೆದಳು.

"ಇರ್ಲಿ ಬಿಡ್ರಿ ಅಯ್ಯಾರ. ಜಳಕಾ ಮಾಡೋಮುಂದೂ ಅಂವಾ ಅದನ್ನ ದೂರ ಇಡ್ತಿದ್ದಿಲ್ಲ."

ಅಯ್ಯನವರು ಕೈ ಹಿಂದೆಗೆದರು. ಸುಮಂಗಲಾ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತಿದ್ದಳು. ಅದೇನೆಂದು ಆ ಹೊಲದಲ್ಲಿ ನಿಂತ ಅಷ್ಟೂ ಜನರಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಗಂಡನನ್ನು ಮಣ್ಣಿಗೆ ಇಳಿಸುವ ಹೊತ್ತಿನಲ್ಲಿ, ಅದು ಕೆಲಸದ್ದು, ಇತ್ತ ಕೊಡಿ ಎಂದು ಬಾಯಿ ಬಿಟ್ಟು ಹೇಳುವುದು ಹೇಗೆ? ಉಪ್ಪಿನ ಚೀಲ ಬಿಚ್ಚಿದರು.

ಕೋಣೆಯ ಬಾಗಿಲು ಮತ್ತೆ ತೆರೆಯುವಂತೆ ಮಾಡಿದ್ದು ಉದಗೀರದ ಮಿಲ್ಲಿನ ಮಾಲಕ ವಿರೂಪಾಕ್ಷ. ಬಿಲ್ಲುಗಳನ್ನು ಸರ್ಕಾರದ ಪೋರ್ಟಲಿಗೆ ನೇರವಾಗಿ ಕಳಿಸುವ ನಿಯಮ ಅವನ ಮಿಲ್ಲಿಗೂ ಬಂದಿತ್ತು. ಹೊಸ ತೊಗರಿ ಬರುವುದರೊಳಗೆ ಪ್ರೋಗ್ರಾಮಿನಲ್ಲಿ ಆ ಬದಲಾವಣೆ ಆಗಬೇಕು. ಅವನ ಮಿಲ್ಲು ದೊಡ್ಡದು. ಅದು ಉಳಿದರೆ ನಿಲಂಗಾದವರೂ ಉಳಿಯುತ್ತಾರೆ, ಕೋಣೆ ಉಳಿಯುತ್ತದೆ, ಅವಳು ಉಮರ್ಗಾದಲ್ಲಿ ತನ್ನ ಕೆಲಸ ಮಾಡಿಕೊಂಡು ಇರುತ್ತಾಳೆ. ಅದು ಹೋದರೆ ಗಂಡ ಕಟ್ಟಿದ್ದೆಲ್ಲ ಒಂದೊಂದಾಗಿ ಬಂದ್ ಆಗುತ್ತದೆ. ಬದಲಾವಣೆ ಸಣ್ಣದು, ಅವಳ ಕೈಯಲ್ಲೇ ಆಗುವಂಥದ್ದು. ಅಡಿಗೆಮನೆಯ ಬಾಗಿಲು ತೆರೆಯಬೇಕಿತ್ತು, ಅಷ್ಟೇ.

ಪುಣೆಗೆ ಫೋನ್ ಮಾಡಿದಳು. ಆ ಕಡೆ ಮಾತಾಡಿದವಳು ಮೀನಲ ಎಂಬ ಹೆಂಗಸು. ಸಾವಿನ ಸುದ್ದಿ ಕೇಳಿದ ಮೇಲೆ ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದಳು. ಪರವಾನಗಿಯನ್ನು ಹೆಂಡತಿಯ ಹೆಸರಿಗೆ ಮಾಡಬಹುದು, ಅದು ಕಷ್ಟವಲ್ಲ. ಹಳೆಯ ಆವೃತ್ತಿಯ ಮಾರಾಟ ನಿಂತಿದೆ. ಹೊಸದು ಬೇಕೆಂದರೂ ಹಳೆಯ ಕೆಲಸವನ್ನು ಅದರೊಳಗೆ ಒಯ್ಯಲು ಒಂದು ಸಲವಾದರೂ ಹಳೆಯ ಕೀಲಿಯಿಂದಲೇ ತೆರೆಯಬೇಕು. ಕೀಲಿ ಕಳೆದಿದ್ದರೆ ಕಂಪನಿ ಕೊಡದು. ಕೆಟ್ಟಿದ್ದರೆ ಕೊಡುತ್ತದೆ. ಸುಟ್ಟಿರಲಿ, ಮುರಿದಿರಲಿ, ನಂಬರು ಕಾಣುವ ಒಂದು ತುಂಡು ಕಳಿಸಿದರೆ ಸಾಕು, ನಾನೇ ನಿಂತು ಬದಲಿ ಕೊಡಿಸುತ್ತೇನೆ ತಾಯಿ ಎಂದಳು ಮೀನಲ.

ಕಳೆದಿದೆಯೋ ಕೆಟ್ಟಿದೆಯೋ ಎಂದು ಅವಳು ಕೇಳಿದಾಗ ಸುಮಂಗಲಾ, ಊರಲ್ಲಿದೆ ಎಂದಳು.

ಮಾಕಣಿಯ ಹೊಲದಲ್ಲಿ ತೊಗರಿ ಎದೆಯೆತ್ತರಕ್ಕೆ ಬೆಳೆದು ಹಳದಿ ಹೂ ಬಿಟ್ಟಿತ್ತು. ಬೇವಿನ ಬುಡದ ಗುಡ್ಡೆಯ ಸುತ್ತ ಮಾಣಿಕಪ್ಪ ಕಲ್ಲು ಜೋಡಿಸಿದ್ದ. ವರ್ಷ ತುಂಬಿದ ಮೇಲೆ ಗದ್ದುಗೆ ಕಟ್ಟಿಸುವುದಿತ್ತು. ಸುಮಂಗಲಾ ಬಂದವಳು ಊಟಕ್ಕೂ ಕೂಡದೆ ಮಾವನನ್ನು ಹುಡುಕಿಕೊಂಡು ಹೊಲಕ್ಕೇ ಹೋದಳು, ನಿಂತೇ ಎಲ್ಲ ಹೇಳಿದಳು. ಡಾಂಗಲ್ ಅಂದರೇನು, ಅದಿಲ್ಲದೆ ಏನು ನಿಲ್ಲುತ್ತದೆ, ಪುಣೆಯವರು ಏನಂದರು. ಕುಣಿ ತೆಗೆಯಬೇಕು ಎಂಬ ಮಾತನ್ನು ಮಾತ್ರ ಆಡಲಿಲ್ಲ. ಆಡುವ ಅಗತ್ಯ ಬೀಳಲಿಲ್ಲ.

ಮಾಣಿಕಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತ.

"ಉಪ್ಪಿನಾಗ ಅದ ಅದು. ಇಷ್ಟು ಮಳಿ ಬಿದ್ದದ. ಇನ್ನ ನಡೀತದೇನು?"

"ನಡಿಯಾಂಗಿಲ್ಲ ಮಾವಾ. ಅದರ ಮ್ಯಾಲಿನ ನಂಬರ ಕಂಡ್ರ ಸಾಕಂತ."

ಅವನು ಗುಡ್ಡೆಯನ್ನೇ ನೋಡುತ್ತ ಕುಳಿತ. ಬೇಡ ಅನ್ನುತ್ತಾನೆ ಎಂದುಕೊಂಡು ಅವಳು ಬಂದಿದ್ದಳು. ಬೇಡ ಅಂದರೆ ತಿರುಗಿ ಹೋಗುವುದು ಸುಲಭವಿತ್ತು.

"ಅಯ್ಯಾರಿಗಿ ನಾ ಹೇಳ್ತೀನಿ. ಊರ ಮಂದಿ ಏನರ ಅಂದ್ಕೊಳ್ಳಿ. ಬ್ಯಾರೇದವ್ರ ಕೈ ಹಚ್ಚಸಂಗಿಲ್ಲ, ನಾನಾ ಅಗೀತೀನಿ. ಅಂವಾ ನಿನಗಂತ ಮಾಡಿಟ್ಟಿದ್ದು ನಿನಗ ಮುಟ್ಟಬೇಕು. ನೀ ಒಮ್ಮಿ ಹೂಂ ಅನ್ನು ಯವ್ವಾ."

ಶೇವಂತಾಬಾಯಿ ತೊಗರಿ ಸಾಲಿನ ಆ ಕಡೆ ಬುಟ್ಟಿ ಹಿಡಿದು ನಿಂತಿದ್ದಳು. ಯಾವಾಗಿನಿಂದ ಕೇಳುತ್ತಿದ್ದಳೋ.

"ಅದು ಕೀಲಿ ಅಂತ ನನಗ ಯಾರ್ ಹೇಳಿದ್ರು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನನಗ ಗೊತ್ತಿತ್ತು ಅತ್ತಿ. ನಾನಾ ಹೇಳ್ಲಿಲ್ಲ."

"ಹೇಳಿದ್ರ ಅವತ್ತ ನಾ ಕೇಳ್ತಿದ್ನೇನು?"

ಮುದುಕಿ ಬುಟ್ಟಿ ಕೆಳಗಿಟ್ಟು, ಗುಡ್ಡೆಯ ಮೇಲೆ ಬಿದ್ದ ಬೇವಿನೆಲೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಗುದ್ದಲಿ ಮೋಟಾರಿನ ಡಬ್ಬಿಗೆ ಆನಿಸಿತ್ತು. ಮಾಣಿಕಪ್ಪ ಅದರತ್ತ ನೋಡಲಿಲ್ಲ, ಸೊಸೆಯ ಮುಖ ನೋಡುತ್ತಿದ್ದ. ಎಪ್ಪತ್ತು ದಾಟಿದ ಆ ಕೈಗಳು ಯಾವುದನ್ನು ಅಗೆಯಲು ಒಪ್ಪಿವೆ ಎಂದು ಸುಮಂಗಲಾಗೆ ಆಗ ಕಂಡಿತು. ಮಣ್ಣು ತೆಗೆದರೆ ಉಪ್ಪು, ಉಪ್ಪು ಸರಿಸಿದರೆ ಅವನು.

"ಬ್ಯಾಡ ಮಾವಾ. ಇರ್ಲಿ ಬಿಡ್ರಿ," ಎಂದಳು.

ಅವನು ಒತ್ತಾಯ ಮಾಡಲಿಲ್ಲ. ರುಮಾಲು ಸುತ್ತಿಕೊಂಡು ಎದ್ದ. ಮೂವರೂ ಮನೆಗೆ ಬಂದು ಉಂಡರು. ಬಸ್ಸಿಗೆ ಹೊರಟಾಗ ಶೇವಂತಾಬಾಯಿ ಬೆಳ್ಳಿಯ ಖಾಲಿ ಕರಡಿಗೆಯನ್ನು ಅವಳ ಕೈಗಿಟ್ಟಳು. ಅಂದು ಅಯ್ಯನವರು ಅದನ್ನು ತಾಯಿಯ ಕೈಗೆ ಕೊಟ್ಟು ಹೋಗಿದ್ದರು. ನಿನ್ನ ಹತ್ತಿರ ಇರಲಿ ಎಂದಳು.

ಹೊಸದಾಗಿ ಬರೆಯುವ ಯತ್ನವನ್ನೂ ಸುಮಂಗಲಾ ಮಾಡಿದಳು. ಕೀಲಿ ಬೇಡದ ಬೇರೆ ಸಾಫ್ಟ್‌ವೇರು ತಂದು, ಲ್ಯಾಪ್‌ಟಾಪನ್ನು ಮೊದಲಿನಿಂದ ಸಜ್ಜು ಮಾಡಿ ಕುಳಿತಳು. ಕಾಟಾದ ತೂಕ ಬಂದು ಪರದೆಯ ಮೇಲೆ ಕೂಡುವಷ್ಟು ಆಯಿತು. ಅಷ್ಟರಲ್ಲಿ ಹೊಲಗಳಲ್ಲಿ ತೊಗರಿ ಕೊಯ್ಲು ಶುರುವಾಯಿತು. ಗಂಡ ಹತ್ತು ವರ್ಷ ಕಟ್ಟಿದ್ದು ಒಂದು ಸುಗ್ಗಿಯಲ್ಲಿ ಏಳುವುದಿಲ್ಲವೆಂಬುದು ಅವಳಿಗೆ ಮೊದಲೇ ತಿಳಿದಿತ್ತು. ವಿರೂಪಾಕ್ಷ ಆಗುವಷ್ಟು ಕಾದ. ಕೊನೆಗೆ ಫೋನ್ ಮಾಡಿ, ಹೈದರಾಬಾದಿನ ಕಂಪನಿಗೆ ಹೇಳಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ ವೈನಿ ಎಂದ. ಹಳೆಯದನ್ನು ಬಲ್ಲವರು ನೀವೊಬ್ಬರೇ, ಬದಲಿಸುವ ದಿನ ಬಂದು ನಿಲ್ಲಬೇಕು ಎಂದು ಕೇಳಿಕೊಂಡ. ಅವಳು ಒಪ್ಪಿದಳು. ನಿಲಂಗಾದವರೂ ಹೈದರಾಬಾದಿನವರನ್ನೇ ಕರೆಸಿದ್ದಾರೆಂದು ಆಮೇಲೆ ಗೊತ್ತಾಯಿತು.

ಆ ದಿನ ಉದಗೀರದ ಮಿಲ್ಲಿನ ಅಂಗಳದಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಗಾಳಿಯಲ್ಲಿ ತೊಗರಿಯ ಹೊಟ್ಟು. ಹೈದರಾಬಾದಿನಿಂದ ಬಂದವನು ಸಭ್ಯಸ್ಥ, ಅವಳಿಗಾಗಿ ಕುರ್ಚಿ ಬಿಟ್ಟುಕೊಟ್ಟ. ರೈತರ ಹೆಸರು, ತೂಕ, ಬಾಕಿ ಎಲ್ಲವನ್ನೂ ಅವಳು ಹಳೆಯ ಪ್ರೋಗ್ರಾಮಿನಿಂದ ತೆಗೆದು, ಮೊತ್ತ ತಾಳೆ ನೋಡಿ ಅವನಿಗೆ ಒಪ್ಪಿಸಿದಳು. ಏನೂ ಹೆಚ್ಚು ಕಡಿಮೆ ಬರಲಿಲ್ಲ. ಲೆಕ್ಕ ಬಹಳ ಚೊಕ್ಕಟವಾಗಿದೆ, ಯಾರು ಮಾಡಿದ್ದು ಎಂದು ಅವನು ಕೇಳಿದ. ನಮ್ಮವರು ಎಂದಳು.

ಸಂಜೆಯ ಹೊತ್ತಿಗೆ ಉಳಿದದ್ದು ಹಳೆಯದನ್ನು ಮುಚ್ಚುವುದೊಂದೇ. ಅದು ಕೈಲಾಸನ ಕೆಲಸ, ದಿನವೂ ಅವನೇ ಮಾಡುವವನು. ಅವನು ಮೌಸ್ ಹಿಡಿದು, ಬೈಯುವುದಕ್ಕೆ ಎಂಬಂತೆ ಬಾಯಿ ತೆರೆದ. ಆಮೇಲೆ ಎದ್ದು ನಿಂತ.

"ನೀವಾ ಒತ್ತಿಬಿಡ್ರಿ ವೈನಿ. ನನ್ನಿಂದ ಆಗಂಗಿಲ್ಲ."

ಸುಮಂಗಲಾ ಕುಳಿತಳು. ಮುಚ್ಚುವ ಗುರುತಿನ ಮೇಲೆ ಒತ್ತಿದಾಗ ಪ್ರಶ್ನೆ ಬಂತು. ನಾಳಿ ಬರ್ತೀರಲ್ಲ? ತೆಗೆಯಿರಿ ಎಂದು ಅವಳು ಹೇಳುತ್ತ ಬಂದಿದ್ದ, ತೆಗೆಯಲು ಈಗ ಯಾರಿಂದಲೂ ಆಗದ ಪ್ರಶ್ನೆ. ಹೈದರಾಬಾದಿನವನು ಓದಲು ಯತ್ನಿಸಿ, ಏನು ಕೇಳುತ್ತಿದೆ ಎಂದ. ಹೊರಗೆ ಯಾವುದೋ ಟ್ರ್ಯಾಕ್ಟರು ಕಾಟಾ ಹತ್ತಿತು, ಹಮಾಲರು ಕೂಗಿದರು.

ಒಂದೇ ಗುಂಡಿಯಿತ್ತು. ಅವಳು ಹೂಂ ಒತ್ತಿದಳು. ಪ್ರೋಗ್ರಾಂ ಮುಚ್ಚಿತು. ಅವಳು ಎದ್ದು ಕುರ್ಚಿಯನ್ನು ಹೊಸಬನಿಗೆ ಬಿಟ್ಟುಕೊಟ್ಟು, ಬ್ಯಾಗು ತೆಗೆದುಕೊಂಡು ಉಮರ್ಗಾ ಬಸ್ಸಿಗೆ ಹೊರಟಳು.