ಮಂಗಳವಾರದ ಕೌಬಾಯ್

ವಿಕ್ಸಮ್‌ನ ಕಾರ್ ಫ್ಯಾಕ್ಟರಿ ನಮ್ಮವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಮೇಲೆ ನಮ್ಮ ಮನೆಗೆ ಕುದುರೆಗಳು ಬಂದವು. ಟೀವಿಯಲ್ಲಿ ಬಿಟ್ಟಿಯಾಗಿ ಸಿಗುವ ಒಂದು ಚಾನೆಲ್; ಅದರಲ್ಲಿ ಮಧ್ಯಾಹ್ನವಿಡೀ ಕಪ್ಪು ಬಿಳುಪಿನ ಹಳೇ ಕೌಬಾಯ್ ಸಿನಿಮಾಗಳು. ಎಲ್ಲವೂ ಖರ್ಚಿನಲ್ಲಿ ಕೈ ಬಿಗಿಹಿಡಿದು ತೆಗೆದವು. ಊರೆಂದರೆ ಒಂದೇ ಬೀದಿ. ಕಳ್ಳರನ್ನು ಅಟ್ಟಿಸಿಕೊಂಡು ಹೋದವರು ಅದೇ ಬಂಡೆಯನ್ನು ಮತ್ತೆ ಮತ್ತೆ ದಾಟುತ್ತಿದ್ದರು. ಎಷ್ಟು ಬಡಿದಾಡಿದರೂ ನಾಯಕನ ಟೋಪಿ ಬೀಳುತ್ತಿರಲಿಲ್ಲ. ಕಾರಿನ ಬಿಡಿಭಾಗ ಡಿಸೈನ್ ಮಾಡುತ್ತಿದ್ದ ನಮ್ಮವರಿಗೆ ಕಥೆ ಬೇಕಿರಲಿಲ್ಲ, ಸಿನಿಮಾದೊಳಗಿನ ನೆಲ ನೋಡುತ್ತಿದ್ದರು. "ನೋಡು ನೋಡು, ಟೈರ್ ಗುರುತು! ಕ್ಯಾಮೆರಾ ಟ್ರಕ್ ಹೋಗಿರೋದು!" ಎಂದು ಕುಣಿದಾಡುತ್ತಿದ್ದರು. ಕೆಲಸ ಹೋದವರು ಹೀಗೂ ನಗಬಹುದೇ ಎಂದು ನನಗೆ ರೇಗುತ್ತಿತ್ತು. ಆಮೇಲೆ ರಜೆಯ ದಿನ ನಾನೂ ಪಕ್ಕದಲ್ಲಿ ಕೂರತೊಡಗಿದೆ. ಒಂದೇ ಗಂಟೆಯಲ್ಲಿ ಎಲ್ಲರ ಕಷ್ಟವೂ ಮುಗಿಯುತ್ತಿತ್ತಲ್ಲ, ಅದು ಹಿತವಾಗಿತ್ತು.

ಕೊನೆಗೆ ಶಿಕಾಗೋ ಕಡೆ, ಶಾಮ್‌ಬರ್ಗ್‌ನಲ್ಲಿ, ಒಂದು ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಬುಧವಾರ ಬೆಳಿಗ್ಗೆ ಸೇರಬೇಕು. ನನ್ನ ಕೆಲಸ ಇಲ್ಲೇ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, ಮನೆ ಕೊಳ್ಳುವವರಿಲ್ಲ. ಹಾಗಾಗಿ ಅವರೊಬ್ಬರೇ ಹೋಗುವುದು. ಎಷ್ಟು ಕಾಲಕ್ಕೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಹೋಗಲು ಮನಸ್ಸಿದೆಯೋ ಇಲ್ಲವೋ ಎಂದು ಅವರು ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ.

ಮೈಸೂರಿನಿಂದ ಅತ್ತೆ ಫೋನಿನಲ್ಲಿ, "ಮಂಗಳವಾರ ಹೊರಡ್ಬೇಡಪ್ಪ. ಸೋಮವಾರಾನೇ ಒಂದು ಪೆಟ್ಟಿಗೆ ಯಾರ ಮನೇಲಾದ್ರೂ ಇಟ್ಬಿಡು, ಅವತ್ತೇ ಹೊರಟ ಹಾಗೆ ಲೆಕ್ಕ" ಎಂದು ಮಗನಿಗೆ ಹೇಳಿದರು. ನಾವು ಇದನ್ನೆಲ್ಲ ನಂಬುವವರಲ್ಲ. ಆದರೆ ಆ ದಿನಗಳಲ್ಲಿ ಯಾವುದನ್ನೂ ತಳ್ಳಿಹಾಕುವ ಧೈರ್ಯವಿರಲಿಲ್ಲ. ಸೋಮವಾರ ಅವರ ಬಟ್ಟೆಯ ಸೂಟ್‌ಕೇಸನ್ನು ನಮ್ಮ ಬಡಾವಣೆಯಲ್ಲೇ ಇದ್ದ ಕನ್ನಡದ ಆಂಟಿಯೊಬ್ಬರ ಗ್ಯಾರೇಜಿನಲ್ಲಿ ಇಟ್ಟು ಬಂದೆವು.

ಮಂಗಳವಾರ ನಾನು ರಜೆ ಹಾಕಿದೆ. ಶಾಸ್ತ್ರದ ಪ್ರಕಾರ ನಮ್ಮವರು ಹಿಂದಿನ ದಿನವೇ ಹೊರಟುಹೋಗಿದ್ದರು. ಕಣ್ಣೆದುರು ನೋಡಿದರೆ ಬನಿಯನ್ನಿನಲ್ಲಿ ಸೋಫಾದ ಮೇಲೆ ಕೂತಿದ್ದರು. ಇವರನ್ನು ಊಟಕ್ಕೆ ಕರೆಯಲೋ, ಬೀಳ್ಕೊಡಲೋ ತಿಳಿಯದೆ ಅಡುಗೆಮನೆಗೂ ಹಾಲ್‌ಗೂ ಸುಮ್ಮನೆ ಓಡಾಡಿದೆ. ಮಧ್ಯಾಹ್ನ ಎರಡಾಯಿತು. ಐದು ಗಂಟೆಯ ಡ್ರೈವ್ ಬೇರೆ.

"ರೀ, ಹೊರಡಲ್ವಾ?" ಎಂದೆ.

"ಇದೊಂದು ಮುಗೀಲಿ ಇರು."

ಟೀವಿಯಲ್ಲಿ ನಾಯಕ ಕುದುರೆ ಹತ್ತುತ್ತಿದ್ದ. ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು ಏಪ್ರನ್ ಹಿಂಡುತ್ತಾ, ಹೋಗಬೇಡ ಎಂದು ಬೇಡಿಕೊಂಡಳು. ಎಂಥ ಕೆಟ್ಟ ನಟನೆ! ನನಗೆ ನಗು ತಡೆಯಲಾಗಲಿಲ್ಲ. ನಮ್ಮವರು ನಗಲಿಲ್ಲ.

"ಅವಳಾದ್ರೂ ಹೇಳಿದ್ಲು. ನೀನು ಒಂದ್ಸಲಾನೂ ಹೇಳ್ಲಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹೇಳಿದರೆ ನಿಜವಾಗಿಯೂ ನಿಂತುಬಿಟ್ಟಾರೆಂದು ಹೆದರಿ ತಾನೇ ನಾನು ಬಾಯಿ ಮುಚ್ಚಿಕೊಂಡಿದ್ದು? ಈಗ ಇವರಿಗೆ ಬೇಕಾಗಿರುವುದು ಯಾವುದು?

"ಹೋಗ್ಬೇಡಿ" ಎಂದೆ. ಆ ಹೆಂಗಸಿಗಿಂತಲೂ ಕೆಟ್ಟದಾಗಿತ್ತು ನನ್ನ ಧ್ವನಿ.

ಅವರು ಎದ್ದರು. ಟೀವಿ ಆರಿಸಿದರು. ಶರ್ಟು ಹಾಕಿಕೊಂಡು, ಕಾರಿನ ಕೀ ತೆಗೆದುಕೊಂಡರು. "ಆಂಟಿ ಮನೇಲಿ ಸೂಟ್‌ಕೇಸ್ ತಗೊಂಡು ಹಾಗೇ ಹೊರಡ್ತೀನಿ" ಎಂದರು.