ಮೈಲಾರಪ್ಪನ ಅಂಜಿಕೆ

ಲಕ್ಷ್ಮೇಶ್ವರದಲ್ಲಿ ಮೈಲಾರಪ್ಪನಷ್ಟು ಅಂಜುಬುರುಕ ಮೆಕ್ಯಾನಿಕ್ ಇನ್ನೊಬ್ಬನಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದವನ ನಾಲಗೆ ಸ್ವಲ್ಪ ಉದ್ದವೇ ಇರುತ್ತದೆ.

ಅವನು ಹಮ್ಮಿಗಿಯವನು. ಹೊಳೆದಂಡೆಯ ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಇಲ್ಲಿ ಬಂದು ಪಾನಾ ಹಿಡಿದು ಗಾಡಿಗಳ ನಟ್ಟು-ಬೋಲ್ಟು ಬಿಚ್ಚತೊಡಗಿದ. ಹಳೆಯ ಕಾರುಗಳ ಕಾರ್ಬೊರೇಟರ್ ಬಿಚ್ಚಿ ಜೋಡಿಸುವವನು ಈಗ ಊರಲ್ಲಿ ಅವನೊಬ್ಬನೇ. ಹನ್ನೆರಡು ವರ್ಷದ ಹಿಂದೆ ಯಾವುದೋ ಜೀಪಿನ ಕೆಳಗೆ ಪೆಟ್ರೋಲಿಗೆ ಕಿಡಿ ತಾಗಿ ಅವನ ಎಡಗೈ ಬೆಂದಿತು. ಎರಡು ಬೆರಳು ಇಂದಿಗೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಅಂದಿನಿಂದ ಬ್ಯಾಟರಿ ವೈರ್ ತೆಗೆಯದೆ ಅವನು ಬಾನೆಟ್ಟಿನೊಳಗೆ ಕೈ ಹಾಕುವುದಿಲ್ಲ. ಪಕ್ಕದಲ್ಲಿ ಉಸುಕಿನ ಬಕೆಟ್ ಇರಲೇಬೇಕು. ಬೀಡಿ ಸೇದುವವರನ್ನು ಬೈದು ಆಚೆ ಅಟ್ಟುತ್ತಾನೆ. ರಿಪೇರಿ ಮುಗಿದ ಮೇಲೂ ಕಾಲು ತಾಸು ಗಾಡಿಯ ಕೆಳಗೆ ಬಗ್ಗಿ ನೋಡುತ್ತ ಕುಳಿತು, ಒಂದು ಹನಿಯೂ ಬೀಳಲಿಲ್ಲವೆಂದು ಖಾತ್ರಿಯಾದರಷ್ಟೇ ಏಳುತ್ತಾನೆ. "ಕಾವಿಗೆ ಕುಂತ ಕೋಳಿ ಕಂಡಂಗ ಕಾಣ್ತಿ ನೋಡು" ಎಂದು ನಾನು ಅಣಕಿಸುತ್ತಿದ್ದೆ. ಅವನು ಸಿಟ್ಟಾಗುತ್ತಿರಲಿಲ್ಲ.

ಹೋದ ತಿಂಗಳ ಒಂದು ಗುರುವಾರ ನನ್ನ ಮಗಳು ಸುನಿತಾ ಬಾಣಂತನ ಮುಗಿಸಿ, ಐದು ತಿಂಗಳ ಕೂಸಿನೊಂದಿಗೆ ಮುಂಡರಗಿಯ ಗಂಡನ ಮನೆಗೆ ಹೊರಟಿದ್ದಳು. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸ್ತಿಲು ದಾಟಬೇಕು. ಹನ್ನೆರಡಕ್ಕೆ ನಮ್ಮ ಹಳೆಯ ಅಂಬಾಸಿಡರನ್ನು ಬಾಗಿಲಿಗೆ ತಂದು ನಿಲ್ಲಿಸಿದರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಮೈಲಾರಪ್ಪನಿಗೆ ಹೇಳಿ ಕಳಿಸಿದೆ.

ಬಾನೆಟ್ ತೆಗೆದವನ ಮುಖ ಕಪ್ಪಿಟ್ಟಿತು. ಕಾರ್ಬೊರೇಟರಿನಿಂದ ಪೆಟ್ರೋಲ್ ಉಕ್ಕಿ, ಕಾದ ಇಂಜಿನ್ ಮೇಲೆ ಇಳಿಯುತ್ತಿತ್ತು. ಎಲ್ಲರನ್ನೂ ದೂರ ಕಳಿಸಿ, ಇಂಜಿನ್ ಆರುವವರೆಗೆ ಕಾದು ಬಿಚ್ಚಿದ.

"ತುಂಬಿದ ಕೂಡ್ಲೆ ಪೆಟ್ರೋಲ್ ಬಂದ್ ಮಾಡಾಕ ಒಳಗ ಒಂದು ಸೂಜಿ ಇರ್ತತ್ರಿ ಮಾಸ್ತರ್ರ. ಅದಕ್ಕ ಕಸಾ ಸಿಕ್ಕೇತಿ" ಎಂದ. ತೊಳೆದು, ಒರೆಸಿ, ಎಲ್ಲ ಜೋಡಿಸಿ, ಪೈಪ್ ಕೂಡಿಸುವಷ್ಟರಲ್ಲಿ ಒಂದೂಕಾಲು ದಾಟಿತ್ತು.

"ಇನ್ನ ಕಾಲು ತಾಸು ನೋಡಬೇಕ್ರಿ."

"ನಿನ್ನ ಅಂಜಿಕಿ ಸಲುವಾಗಿ ನನ್ನ ಮೊಮ್ಮಗನ ಹೊತ್ತು ಮೀರಸ್ತಿಯೇನೋ?" ಎಂದೆ. ಕಟ್ಟೆಯ ಮೇಲೆ ಕೂತಿದ್ದ ಓಣಿಯವರು ಗೊಳ್ಳೆಂದು ನಕ್ಕರು. ಅವನು ತಲೆ ತಗ್ಗಿಸಿ ಬ್ಯಾಟರಿ ವೈರ್ ಹಚ್ಚಿ ಬಾನೆಟ್ ಮುಚ್ಚಿದ.

ಸುನಿತಾ ಕೂಸನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ನಾನು ಗಾಡಿ ಚಾಲೂ ಮಾಡಿದೆ. ಹೆಂಡತಿ ಅನ್ನಪೂರ್ಣವ್ವ ತೆಂಗಿನಕಾಯಿಯ ಮೇಲೆ ಕರ್ಪೂರ ಹಚ್ಚಿಕೊಂಡು ಬಂದು ಕಾರಿನ ಮುಂದೆ ನಿವಾಳಿಸತೊಡಗಿದಳು. ಒಂದು ಸುತ್ತು. ಎರಡು ಸುತ್ತು.

"ನಿಲ್ರಿ ಅಕ್ಕಾರ!"

ಮೈಲಾರಪ್ಪ ಚೀರಿದ. ಕಿಟಕಿಯಿಂದ ತಲೆ ಹಾಕಿ ನೋಡಿದರೆ, ಇಂಜಿನ್ ಕೆಳಗಿನಿಂದ ಪೆಟ್ರೋಲಿನ ಒಂದು ಒದ್ದೆ ಗೆರೆ ಇಳಿಜಾರಿನ ಹಾಸುಗಲ್ಲಿನ ಮೇಲೆ ಹರಿದು ಅವಳ ಪಾದದ ಹತ್ತಿರ ಬಂದಿತ್ತು. ಆರತಿ ನಡುವೆ ನಿಲ್ಲಿಸಬಾರದೆಂದು ಅವಳು ಮೂರನೆಯ ಸುತ್ತಿಗೆ ಕೈ ಎತ್ತಿದಳು. ಬೆನ್ನ ಹಿಂದೆ ಕೂಸು ಅಳುತ್ತಿತ್ತು. ಗಾಜಿನಾಚೆ ಆ ಉರಿ ಗಾಳಿಗೆ ವಾಲಿತು. ಕೀಲಿ ತಿರುಗಿಸಲೂ ನನ್ನ ಕೈ ಏಳಲಿಲ್ಲ. ಅಂಥ ಭಯ ನನ್ನ ಜನ್ಮದಲ್ಲೇ ಕಂಡಿರಲಿಲ್ಲ.

ಮೈಲಾರಪ್ಪ ಒಂದೇ ಜಿಗಿತಕ್ಕೆ ಬಂದು, ಉರಿಯುತ್ತಿದ್ದ ಕರ್ಪೂರವನ್ನು ಆ ಬೆಂದ ಎಡಗೈಯ ಮುಷ್ಟಿಯೊಳಗೆ ಹಿಡಿದು ಹೊಸಕಿಬಿಟ್ಟ.

"ಬಂದ್ ಮಾಡ್ರಿ ಮಾಸ್ತರ್ರ! ಕೂಸಿನ ತಗೊಂಡು ಇಳಿಯವ್ವಾ ಸುನಿತಾ, ಜಲ್ದಿ!"

ಇಳಿದೆವು. ಅವನು ಒದ್ದೆಯ ಮೇಲೆಲ್ಲ ಉಸುಕು ಸುರಿದ. ಆಮೇಲೆ ನೋಡಿದರೆ ಪೆಟ್ರೋಲ್ ಪೈಪಿನ ನಟ್ ಪೂರ್ತಿ ಬಿಗಿದಿರಲಿಲ್ಲ. "ಅವಸರದಾಗ ನಂದ ತಪ್ಪಾತ್ರಿ" ಎಂದು ಕಟ್ಟೆಗೆ ಕುಸಿದು ಕುಳಿತ. ತಪ್ಪು ಯಾರದೆಂದು ನನಗೆ ಗೊತ್ತಿತ್ತು.

ಅನ್ನಪೂರ್ಣವ್ವ ಕೈಯಲ್ಲಿನ ಕಾಯಿಯನ್ನೇ ನೋಡುತ್ತಿದ್ದಳು. "ನಡುವ ಆರಿತಲ್ಲೋ ಮೈಲಾರಪ್ಪ. ಕೂಸಿಗೆ ಏನರ..."

"ಅಪಶಕುನ ನನ್ನ ಕೈಯಾಗ ಉಳದೇತ್ರಿ ಅಕ್ಕಾರ. ಕೂಸಿಗೆ ಹತ್ತಂಗಿಲ್ಲ" ಎಂದು ಅವನು ಅಂಗೈ ಬಿಚ್ಚಿದ. ಚರ್ಮ ಸುಲಿದಿತ್ತು.

ಅವಳು ಕಾಯಿ ಕೆಳಗಿಟ್ಟು, ತಂಬಿಗೆ ತಂದು ಆ ಕೈಮೇಲೆ ತಣ್ಣೀರು ಸುರಿಯುತ್ತ ಕುಳಿತಳು. ಸುನಿತಾ ಆ ದಿನ ಹೋಗಲಿಲ್ಲ. ತುಸು ಹೊತ್ತಿಗೆ ಅನ್ನಪೂರ್ಣವ್ವ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಊರ ಮಂದಿ ಮುಂದೆಲ್ಲ ಇವನ ಹೆಸರು ಹೇಳಿ ನಗತಿದ್ರಿ. ಈಗ ನಗ್ರಿ, ನೋಡೂಣು."