ಮೊದಲ ಸಾಲಿನ ಕಹಿ

ವೈನ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ನಾಲಿಗೆ ಮೇಡಂ ಎನ್ನುತ್ತಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬರೀ ನಾಲಿಗೆ. ಪೀಪಾಯಿಯಲ್ಲಿ ಬಲಿಯುತ್ತಿರುವ ಎಳೆಯ ಕೆಂಪು ವೈನನ್ನು ತಿಂಗಳಿಗೊಮ್ಮೆ ಬಾಯಿಗೆ ಹಾಕಿಕೊಂಡು, ಅತ್ತಿತ್ತ ಆಡಿಸಿ, ಬಕೆಟ್ಟಿಗೆ ಉಗುಳಿ, ಅದು ಎಲ್ಲಿಯವರೆಗೆ ಬಂದಿದೆ, ಇನ್ನೆಲ್ಲಿಗೆ ಹೋದೀತು ಎಂದು ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ. ಮದುವೆಯಾದ ಹೊಸತರಲ್ಲಿ ಇದನ್ನು ಅತ್ತೆಗೆ ವಿವರಿಸಲು ಹೋಗಿ ಸೋತಿದ್ದಳು. ಉಗುಳುವುದಕ್ಕೂ ಸಂಬಳ ಕೊಡುವ ಪುಣ್ಯಾತ್ಮರಿದ್ದಾರೆ ಎಂದು ಅತ್ತೆ ಪಕ್ಕದ ಮನೆಯಾಕೆಯ ಹತ್ತಿರ ಹೇಳಿಕೊಂಡು ನಕ್ಕಿದ್ದರು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಮಾತನ್ನು ಹೆಮ್ಮೆಯಿಂದ ಹೇಳತೊಡಗಿದರು.

ಈಗ ಮಗಳಿಗೆ ಒಂದೂವರೆ ವರ್ಷ. ಮಗಳು ಹುಟ್ಟಿದ ಮೇಲೆ ಅವಳು ಸರಿಯಾಗಿ ನಿದ್ದೆ ಮಾಡಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬೇಕರಿಯಲ್ಲಿ ಕೆಲಸ ಮಾಡುವ ಗಂಡ ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಿದ್ದ. ಅವನು ಬಾಗಿಲೆಳೆದುಕೊಂಡ ಸದ್ದಿಗೆ ಮಗು ಎದ್ದರೆ ಮುಗಿಯಿತು, ಅಲ್ಲಿಂದ ಅವಳ ದಿನ ಶುರು. ಸೀನಿದರೆ ನೆಗಡಿಯೇ, ನೆಗಡಿಯಾದರೆ ಜ್ವರ ಬಂದೀತೇ, ಬಿಸಿ ಹೆಚ್ಚಾಯಿತೇ, ಹೊದಿಕೆ ಕಮ್ಮಿಯಾಯಿತೇ. ಮಗುವಿನ ಹಣೆ ಮುಟ್ಟಿ ನೋಡಿದ ಕೈಯಿಂದ ತನ್ನ ಹಣೆಯನ್ನೂ ಮುಟ್ಟಿ ಹೋಲಿಸುವುದು, ಅದೂ ಸಾಲದೆ ಅತ್ತೆಯ ಹಣೆಗೂ ಕೈಯಿಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ನನ್ನ ಹಣೆ ಅರವತ್ತು ವರ್ಷದಿಂದ ಹೀಗೇ ಇದೆ, ಅದನ್ನು ಬಿಟ್ಟುಬಿಡು ಎಂದು ಅತ್ತೆ ಗದರುತ್ತಿದ್ದರು.

ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಯಜಮಾನರು ನಗುನಗುತ್ತಲೇ ಒಂದು ಮಾತು ಕೇಳಿದ್ದರು. ಹೆರಿಗೆಯಾದ ಮೇಲೆ ಮೂಗು, ನಾಲಿಗೆ ಮೊದಲಿನ ಹಾಗಿರುವುದಿಲ್ಲವಂತೆ, ಹೌದೇ ಎಂದು. ಅವಳೂ ನಕ್ಕು, ಹಾಗೇನಿಲ್ಲ ಸರ್ ಎಂದಿದ್ದಳು. ಆದರೆ ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಅಲ್ಲೇ ಉಳಿಯಿತು. ರಿಜಿಸ್ಟರಿಗೆ ಅವಳೊಬ್ಬಳದೇ ರುಜು. ಆ ರುಜು ಉಳಿಯುವುದು ಆ ಪ್ರಶ್ನೆಗೆ ಉತ್ತರ ಹಾಗೇನಿಲ್ಲ ಎಂದೇ ಇರುವ ತನಕ ಮಾತ್ರ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೆಲಮಾಳಿಗೆಯಲ್ಲಿ ಪೀಪಾಯಿಗಳದು ಮೂರು ಸಾಲು. ಮೊದಲ ಸಾಲಿನ ಹದಿನಾಲ್ಕರಲ್ಲಿ ಕಲ್ಲುನೆಲದ ತೋಟದ ದ್ರಾಕ್ಷಿಯ ವೈನು. ರುಚಿ ನೋಡುವುದು ಯಾವಾಗಲೂ ಮೊದಲ ಸಾಲಿನಿಂದ, ತಿಂಗಳ ಒಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಬಾಯಿ ಚೊಕ್ಕವಾಗಿರುವಾಗ. ಆ ದಿನ ಅವಳು ಕಾಫಿ ಮುಟ್ಟುವುದಿಲ್ಲ, ಪೇಸ್ಟಿಲ್ಲದೆ ಹಲ್ಲುಜ್ಜುತ್ತಾಳೆ, ಮೈಗೆ ಘಮದ ಸೋಪು ಹಾಕುವುದಿಲ್ಲ. ಪೀಪಾಯಿಗಳನ್ನು ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಪೀಪಾಯಿ ಅಜ್ಜ ಎನ್ನುತ್ತಿದ್ದರು. ಅಜ್ಜ ಬಿರಟೆ ತೆಗೆದು, ಉದ್ದನೆಯ ಗಾಜಿನ ಕೊಳವೆ ಇಳಿಸಿ, ಎರಡು ಗುಟುಕಿನಷ್ಟು ಎತ್ತಿ ಅವಳ ಗ್ಲಾಸಿಗೆ ಬಿಡುತ್ತಿದ್ದ. ಅವಳ ಬಾಯಿಂದ ಮಾತು ಬರುವ ತನಕ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ, ಪರೀಕ್ಷೆ ಬರೆದವನು ತಾನೇ ಎಂಬಂತೆ.

ಎಳೆಯ ಕೆಂಪು ವೈನು ಬಾಯಿಗೆ ಒಗರು. ಬಾಳೆಕಾಯಿ ಕಚ್ಚಿದಂತೆ ಒಸಡೆಲ್ಲ ಬಿಗಿದುಕೊಳ್ಳುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ತಿಂಗಳು ಉರುಳಿದಂತೆ ಒಗರು ತಾನಾಗಿ ಮೆತ್ತಗಾಗುತ್ತದೆ, ಅದರ ಹಿಂದೆ ಅಡಗಿದ್ದ ಹಣ್ಣಿನ ರುಚಿ ಮುಂದೆ ಬರುತ್ತದೆ. ಆದರೆ ಕಹಿ ಬೇರೆ. ನಾಲಿಗೆಯ ಬುಡದಲ್ಲಿ ಕೂತ ಕಹಿ ಕಾದಷ್ಟೂ ಕೂತೇ ಇರುತ್ತದೆ. ಒಗರಿಗೂ ಕಹಿಗೂ ಇರುವ ಈ ಒಂದು ಕೂದಲೆಳೆಯ ವ್ಯತ್ಯಾಸವನ್ನು ಹೇಳುವುದಕ್ಕೇ ಅವಳನ್ನು ಇಟ್ಟುಕೊಂಡಿದ್ದರು.

ಮೊದಲ ತಿಂಗಳು ಅವಳು ಬರೆದದ್ದು: ಒರಟು, ಒಗರು ಜೋರು, ಒಳಗೆ ನೇರಳೆ ಹಣ್ಣು ಇದೆ, ಕಾಯಬೇಕು. ಎರಡನೆಯ ತಿಂಗಳು: ಒಗರು ಹಾಗೇ, ನೇರಳೆ ಒಂದು ಹೆಜ್ಜೆ ಮುಂದೆ ಬಂದಿದೆ, ಕಾಯಬೇಕು. ಮೂರನೆಯ ತಿಂಗಳು ಬರೆದದ್ದೇ ಬೇರೆ: ನಾಲಿಗೆಯ ಬುಡದಲ್ಲಿ ಕಹಿ, ತುಕ್ಕಿನ ರುಚಿ, ಹದಿನಾಲ್ಕರಲ್ಲೂ ಇದೆ, ಕಾದು ಪ್ರಯೋಜನವಿಲ್ಲ.

ಬರೆಯುವಾಗ ಅವಳಿಗೆ ಅನುಮಾನವೇನೂ ಬರಲಿಲ್ಲ. ಅನುಮಾನಪಡುವುದಕ್ಕೂ ತ್ರಾಣ ಬೇಕು. ಆ ವಾರವಿಡೀ ಮಗಳಿಗೆ ಕಿವಿನೋವು, ಅವಳಿಗೆ ಜಾಗರಣೆ. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಕಹಿ ಅರ್ಧಕ್ಕಿಳಿದಿತ್ತು, ಮೂರನೆಯದರಲ್ಲಿ ಇರಲೇ ಇಲ್ಲ. ಹಾಗಾದರೆ ಕೆಟ್ಟಿರುವುದು ಮೊದಲ ಸಾಲು ಎಂಬುದು ಖಚಿತ ಎಂದುಕೊಂಡಳು.

ಕಾರ್ಖಾನೆಯ ಪದ್ಧತಿಯೆಂದರೆ, ಒಮ್ಮೆ ಕೆಂಪು ಸೀಮೆಸುಣ್ಣದ ಗೀಟು ಬಿದ್ದ ಪೀಪಾಯಿಯನ್ನು ಮತ್ತೆ ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಮನಸ್ಸು ಕರಗುತ್ತದೆ, ಕರಗಿದರೆ ಜಾಗ ಖಾಲಿಯಾಗುವುದಿಲ್ಲ ಎಂದು ಹಿಂದೆ ಯಜಮಾನರ ತಂದೆ ಮಾಡಿಟ್ಟ ನಿಯಮ ಅದು. ಗೀಟು ಬಿದ್ದದ್ದು ವಿನೆಗರ್ ಮಾಡುವವರ ಟ್ಯಾಂಕರಿಗೆ. ಆ ದಿನ ಅಜ್ಜ ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ತುಸು ಹೊತ್ತು ನಿಂತಿದ್ದ.

"ವಾರಕ್ಕೊಮ್ಮೆ ಆರಿದಷ್ಟನ್ನ ಪೀಪಾಯಿಗೆ ತುಂಬಿಸುವಾಗ ಬೆರಳದ್ದಿ ನೆಕ್ತೀನಿ ತಾಯಿ," ಎಂದ. "ನನಗೆ ಕಹಿ ಸಿಗಲಿಲ್ಲ."

"ಬೆರಳಿಗೆ ಏನು ಗೊತ್ತಾಗುತ್ತೆ ಅಜ್ಜ? ನಾನು ಹೇಳಿದ್ದೀನಲ್ಲ, ಎಳೀರಿ."

ಅಜ್ಜ ಎಳೆದ. ಹದಿನಾಲ್ಕು ಗೀಟು. ಒಂದೊಂದನ್ನೂ ತೊಟ್ಟಿಲ ಮಗುವಿನ ಕೆನ್ನೆಗೆ ಬೊಟ್ಟಿಡುವವನಂತೆ ಮೆಲ್ಲಗೆ ಎಳೆದ. ಅವಳಿಗೆ ಅದನ್ನು ನೋಡುತ್ತ ನಿಲ್ಲುವಷ್ಟು ತಾಳ್ಮೆ ಇರಲಿಲ್ಲ. ಅತ್ತೆಗೆ ಫೋನು ಮಾಡಿ ಮಗುವಿನ ಜ್ವರ ಎಷ್ಟಿದೆ ಎಂದು ಕೇಳಬೇಕಿತ್ತು.

ಟ್ಯಾಂಕರು ಬರುವುದು ಮೂರು ವಾರ ತಡವಾಯಿತು. ಕೊನೆಗೆ ಒಂದು ಗುರುವಾರ ಹತ್ತು ಗಂಟೆಗೆ ಎಂದು ಗೊತ್ತಾಯಿತು. ಅದೇ ವಾರ ಮಗಳ ಕಿವಿನೋವು ಮರುಕಳಿಸಿತು. ಡಾಕ್ಟರು ಹಿಂದಿನ ಔಷಧಿಯನ್ನೇ ಮತ್ತೆ ಬರೆದುಕೊಟ್ಟರು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯಲ್ಲಿ ಎಂದಿನ ಯುದ್ಧ. ಮಗಳು ತುಟಿ ಬಿಗಿದು, ತಲೆಯನ್ನು ಅತ್ತಿಂದಿತ್ತ ಅಲ್ಲಾಡಿಸುತ್ತಿದ್ದಳು. ಅತ್ತೆ ಮಗುವನ್ನು ತೊಡೆಯ ಮೇಲೆ ಹಿಡಿದುಕೂತು, "ಅಮ್ಮ ಕುಡೀತಾಳೆ ನೋಡು ಪುಟ್ಟಿ, ಅಮ್ಮ ಜಾಣೆ," ಎಂದರು. ಅವಳು ಎಂದಿನಂತೆ ಒಂದು ಚಮಚ ತಾನು ಕುಡಿದು, ಆಹಾ ಎಂದು ಚಪ್ಪರಿಸಿ, ಕಣ್ಣರಳಿಸಿದಳು. ಮೊದಲಿಗೆ ಕಿತ್ತಳೆಯ ಸಿಹಿ. ಆಮೇಲೆ ನಿಧಾನವಾಗಿ, ನಾಲಿಗೆಯ ಬುಡದಲ್ಲಿ, ಕಹಿ. ಅದರ ಹಿಂದೆಯೇ ತುಕ್ಕಿನ ರುಚಿ.

ಅವಳ ಮುಖ ಅರಳಿದಂತೆಯೇ ನಿಂತುಬಿಟ್ಟಿತು. ಮಗಳು ಅಮ್ಮನನ್ನು ನೋಡಿ ನಕ್ಕು ಬಾಯಿ ತೆರೆದಳು. ಅತ್ತೆ ಥಟ್ಟನೆ ಚಮಚ ಒಳಗೆ ಹಾಕಿ ಗೆದ್ದರು.

"ಏನಾಯ್ತೇ? ಹಾಗ್ಯಾಕೆ ನಿಂತೆ?"

"ಅತ್ತೆ, ಹೋದ ಸಲ ಈ ಔಷಧಿ ಕುಡಿಸಿದ್ವಲ್ಲ, ಅವತ್ತೂ ನಾನು ಒಂದು ಚಮಚ ಕುಡಿದಿದ್ನಾ? ಗುರುವಾರ? ರುಚಿ ನೋಡೋ ದಿನ?"

"ಒಂದಾ? ಅವತ್ತು ಎರಡು ಕುಡಿದೆ. ಮೊದಲನೇದಕ್ಕೆ ಇವಳು ಬಗ್ಗಲಿಲ್ಲ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಪರೂಪಕ್ಕೆ ಸಿಕ್ಕಿದ ಆ ಸೀಟಿನಲ್ಲಿ ಕಣ್ಣುಮುಚ್ಚುವುದೂ ಸಾಧ್ಯವಾಗಲಿಲ್ಲ. ಕಾಫಿ ಬಿಟ್ಟಿದ್ದಳು, ಪೇಸ್ಟು ಬಿಟ್ಟಿದ್ದಳು, ಸೋಪು ಬಿಟ್ಟಿದ್ದಳು. ಔಷಧಿಯನ್ನು ಕುಡಿದದ್ದೆಂದು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ಅವಳ ಬಾಯಿಗೆ ಹೋದದ್ದಲ್ಲ, ಮಗಳ ಸಲುವಾಗಿ ಹೋದದ್ದು. ತಾಯಂದಿರ ಹೊಟ್ಟೆಗೆ ಹೋಗುವ ಅರ್ಧಂಬರ್ಧ ಬಿಸ್ಕತ್ತು, ತಣ್ಣಗಾದ ಹಾಲು, ಕಚ್ಚಿಬಿಟ್ಟ ಬಾಳೆಹಣ್ಣು ಯಾವ ಊಟದ ಲೆಕ್ಕಕ್ಕೂ ಸೇರುವುದಿಲ್ಲವಲ್ಲ, ಹಾಗೆ. ಒಂದು ಗಂಟೆಯಲ್ಲಿ ಕಹಿ ಇಳಿಯುತ್ತ ಹೋಗಿದೆ. ಎರಡನೆಯ ಸಾಲಿಗೆ ಅರ್ಧ, ಮೂರನೆಯದಕ್ಕೆ ಇಲ್ಲ. ಎಲ್ಲ ಎದುರಿಗೇ ಇತ್ತು, ಅವಳ ಕೈಬರಹದಲ್ಲೇ ಇತ್ತು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಗೀಟು ಬಿದ್ದದ್ದನ್ನು ಯಾರೂ ರುಚಿ ನೋಡುವಂತಿಲ್ಲ, ಹತ್ತಕ್ಕೆ ಹದಿನಾಲ್ಕೂ ಖಾಲಿ. ಬಾಯಿಬಿಟ್ಟರೆ ಯಜಮಾನರ ಆ ಹಳೆಯ ಪ್ರಶ್ನೆಗೆ ಅವಳೇ ಉತ್ತರ ಕೊಟ್ಟಂತೆ. ಬಸ್ಸಿಳಿಯುವ ತನಕ ಅವಳು ಎರಡೂ ಕಡೆ ತೂಗಿದಳು. ಧೈರ್ಯ ಬಂದು ನಿರ್ಧರಿಸಿದಳು ಎಂದರೆ ಸುಳ್ಳಾದೀತು. ತಲೆಯೊಳಗೆ ಈಗಾಗಲೇ ಮಗುವಿನ ಕಿವಿ, ಜ್ವರ, ತೂಕ, ಹಲ್ಲು ಎಲ್ಲ ತುಂಬಿಕೊಂಡಿದ್ದವು. ಇದನ್ನೂ ಹೊತ್ತು ತಿರುಗಲು ಜಾಗವೇ ಇರಲಿಲ್ಲ.

ಯಜಮಾನರು ಆಫೀಸಿನಲ್ಲಿ ಕೂತು ಪೂರ್ತಿ ಕೇಳಿದರು. ಕೊನೆಗೆ ಎದ್ದುನಿಂತು, "ಸರಿ ಬನ್ನಿ. ಈಗಲೇ ರುಚಿ ನೋಡಿ ಹೇಳಿಬಿಡಿ," ಎಂದರು.

"ಈಗ ಆಗಲ್ಲ ಸರ್."

"ಯಾಕೆ?"

"ಈಗಲೂ ಅದೇ ಔಷಧಿ ಕುಡಿದು ಬಂದಿದ್ದೀನಿ."

ಯಜಮಾನರು ಅವಳ ಮುಖವನ್ನೇ ನೋಡಿದರು. ನಗಬೇಕೋ ಸಿಟ್ಟಾಗಬೇಕೋ ಅವರಿಗೂ ತಿಳಿಯಲಿಲ್ಲ. ಹಾಗಾದರೆ ನೋಡುವವರು ಯಾರು, ತನ್ನದು ಸಿಗರೇಟಿನ ಬಾಯಿ, ಟ್ಯಾಂಕರು ಗೇಟಿಗೆ ಬರಲು ಇನ್ನೊಂದು ಗಂಟೆಯಿದೆ ಎಂದರು. ಅವಳು ಅಜ್ಜನ ಹೆಸರು ಹೇಳಿದಳು. ಅದನ್ನು ಹೇಳುವಾಗ, ಬೆರಳಿಗೆ ಏನು ಗೊತ್ತಾಗುತ್ತೆ ಎಂದ ತನ್ನದೇ ಮಾತು ಕಿವಿಯಲ್ಲಿ ಗುಂಯ್ ಎಂದಿತು.

ಅಜ್ಜ ಕೈಯನ್ನು ಎರಡು ಸಲ ತೊಳೆದುಕೊಂಡ. ಗೀಟು ಬಿದ್ದ ಪೀಪಾಯಿಯ ಬಿರಟೆ ತೆಗೆಯುವುದು ಅವನ ಇಷ್ಟು ವರ್ಷದ ಚಾಕರಿಯಲ್ಲಿ ಇದೇ ಮೊದಲು. ಯಜಮಾನರತ್ತ ಒಮ್ಮೆ ನೋಡಿ, ಅವರು ತಲೆಯಾಡಿಸಿದ ಮೇಲೆ ತೆಗೆದ. ಒಂದು, ಐದು, ಒಂಬತ್ತು, ಹದಿನಾಲ್ಕು. ಅವಳು ಮಾಡುವಂತೆ ಬಾಯಲ್ಲಿ ಆಡಿಸಿ, ಕಣ್ಣುಮುಚ್ಚಿ, ಉಗುಳಲು ಮನಸ್ಸಾಗದೆ ನುಂಗಿಬಿಟ್ಟ. ಅವಳು ಗೋಡೆಗೆ ಒರಗಿ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು. ಇಷ್ಟು ದಿನ ಅವನು ಅವಳೆದುರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದುದು ಎಂಥ ಕಷ್ಟವೆಂದು ಆಗ ತಿಳಿಯಿತು.

"ಕಹಿ ಇದೆಯಾ?" ಯಜಮಾನರು ಕೇಳಿದರು.

"ಇಲ್ಲ ಧಣಿ. ಇನ್ನೂ ಮುಖ ಗಂಟಿಕ್ಕಿಕೊಂಡಿದೆ, ಅಷ್ಟೇ. ಮಾತಾಡಿಸಿದರೆ ಸರಿಹೋಗುತ್ತೆ."

ಇಂಥ ಮಾತನ್ನು ರಿಜಿಸ್ಟರಿನಲ್ಲಿ ಬರೆಯುವುದು ಹೇಗೆ ಎಂದು ಯಜಮಾನರು ಅವಳ ಕಡೆ ತಿರುಗಿದರು. ಒಗರು ಇದೆ, ಕಹಿ ಇಲ್ಲ ಎಂದು ಬರೆಯಿರಿ ಸರ್ ಎಂದಳು.

ಟ್ಯಾಂಕರು ಖಾಲಿ ವಾಪಸು ಹೋಯಿತು. ಡ್ರೈವರು ಗೇಟಿನವನ ಹತ್ತಿರ ಏನೇನೋ ಗೊಣಗಿದ. ಸಂಜೆ ಯಜಮಾನರು ಅವಳನ್ನು ಕರೆದು ಕೂರಿಸಿ, ಇನ್ನು ಮುಂದೆ ರಿಜಿಸ್ಟರಿಗೆ ಎರಡು ರುಜು ಬೇಕು ಎಂದರು. ಬೇರೆ ಕಾರ್ಖಾನೆಯಿಂದ ಒಬ್ಬರು ತಿಂಗಳಿಗೊಮ್ಮೆ ಬರುತ್ತಾರಂತೆ. ದನಿ ಏರಿಸಲಿಲ್ಲ, ನೀವಾಗಿಯೇ ಬಂದು ಹೇಳಿದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು. ಅವಳು ಹೂಂ ಎಂದಳು. ವಾದ ಮಾಡಲು ಮಾತುಗಳಿದ್ದವು, ಎಬ್ಬಿಸಿ ನಿಲ್ಲಿಸಲು ಶಕ್ತಿ ಇರಲಿಲ್ಲ.

ಹೋಗುವ ಮುನ್ನ ನೆಲಮಾಳಿಗೆಗೆ ಇಳಿದಾಗ ಅಜ್ಜ ಒದ್ದೆ ಬಟ್ಟೆಯಿಂದ ಗೀಟುಗಳನ್ನು ಉಜ್ಜುತ್ತಿದ್ದ. ಸೀಮೆಸುಣ್ಣ ಮರದ ಎಳೆಯೊಳಗೆ ಇಳಿದಿತ್ತು. ಎಷ್ಟು ಉಜ್ಜಿದರೂ ತೆಳ್ಳಗಿನ ಗುಲಾಬಿ ಬಣ್ಣ ಉಳಿದೇ ಉಳಿಯಿತು. ಅವಳು ಇನ್ನೊಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು.

"ಅವತ್ತು ನಿಮಗೆ ಹಾಗೆ ಅನ್ನಬಾರದಿತ್ತು ಅಜ್ಜ."

"ಅಂದಿದ್ದು ನೀನಲ್ಲ ತಾಯಿ, ನಿನ್ನ ನಿದ್ದೆ," ಎಂದ ಅಜ್ಜ, ತಲೆಯೆತ್ತದೆ. "ಆ ಮೂಲೆ ಬಿಟ್ಟಿದ್ದೀಯ, ಅಲ್ಲುಜ್ಜು."

ಅಂದಿನಿಂದ ಅವಳು ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಒಂದು ಹೊಸ ಕಾಲಂ ಎಳೆದಳು: ಬೆಳಿಗ್ಗೆ ಬಾಯಿಗೆ ಬಿದ್ದದ್ದು. ತಿಂಗಳಿಗೊಮ್ಮೆ ಬರುವ ಹೊಸಬರು ಅದನ್ನು ಕಂಡು ಹುಬ್ಬೇರಿಸಿದರು, ಆಮೇಲೆ ತಾವೂ ಬರೆಯತೊಡಗಿದರು. ಅವರದು ಪ್ರತಿ ತಿಂಗಳೂ ನೀರು. ಅವಳದು ಹಾಗಿರಲಿಲ್ಲ. ನಾಲ್ಕನೆಯ ತಿಂಗಳು: ಮಗು ಬಿಟ್ಟ ಅನ್ನ, ಎರಡು ತುತ್ತು, ಹತ್ತು ಗಂಟೆಯ ತನಕ ಕಾದೆ. ಐದನೆಯ ತಿಂಗಳು: ಮಗುವಿನ ಕೈಯಿಂದ ಬಿಸ್ಕತ್ತು, ಬೇಡವೆಂದರೂ ತುರುಕಿದಳು, ಕಾದೆ. ಪಕ್ಕದ ಕಾಲಮ್ಮಿನಲ್ಲಿ ಒಗರು ಇಳಿಯುತ್ತ ಬಂದಿತ್ತು.

ಆರನೆಯ ತಿಂಗಳ ಗುರುವಾರ ಹೊಸಬರಿಗೆ ನೆಗಡಿ, ಒಂಬತ್ತೂವರೆಯ ತನಕ ಕಾದರೂ ಅವರು ಬರಲಿಲ್ಲ. ಅವಳೂ ಅಜ್ಜನೂ ಇಬ್ಬರೇ. ಅಜ್ಜ ಗುಲಾಬಿ ಕಲೆ ಉಳಿದ ಮೊದಲ ಪೀಪಾಯಿಗೆ ಕೊಳವೆ ಇಳಿಸಿದ. ಅವಳು ಬಾಯಿಗೆ ಹಾಕಿ, ಆಡಿಸಿ, ಉಗುಳಿದಳು. ಇಷ್ಟೆಲ್ಲ ಆದ ಮೇಲೆ ಈ ವೈನು ಏನೋ ಒಂದು ಅದ್ಭುತವಾಗಿರಬೇಕೆಂದು ಅವಳಿಗೆ ಗೊತ್ತಿಲ್ಲದೆಯೇ ಒಳಗೊಳಗೆ ಆಸೆಯಿತ್ತು. ಅದ್ಭುತವೇನೂ ಆಗಿರಲಿಲ್ಲ. ಒಗರು ಹದಕ್ಕೆ ಬಂದಿತ್ತು, ನೇರಳೆ ಇತ್ತು, ಅದರಾಚೆ ಹೆಚ್ಚೇನಿಲ್ಲ.

"ಹೇಗಿದೆ?" ಅಜ್ಜ ಕೇಳಿದ.

"ಸಾಧಾರಣ ಅಜ್ಜ. ಊಟದ ಜೊತೆಗೆ ಆಗುತ್ತೆ."

"ಕುಡಿಯೋ ಹಾಗಿದೆ ತಾನೆ?"

"ಕುಡಿಯೋ ಹಾಗಿದೆ."

"ಮತ್ತೆ ಇನ್ನೇನು," ಎಂದು ಅಜ್ಜ ಕೊಳವೆ ಹಿಡಿದು ಎರಡನೆಯ ಪೀಪಾಯಿಯತ್ತ ನಡೆದ. ಅವಳು ಪೆನ್ನು ತೆಗೆದು ಸಾಧಾರಣ ಎಂದು ಬರೆದಳು. ತನ್ನ ರುಜು ಹಾಕಿ, ಪಕ್ಕದ ಜಾಗವನ್ನು ಹೊಸಬರಿಗೆ ಖಾಲಿ ಬಿಟ್ಟಳು. ಕೊನೆಯ ಕಾಲಮ್ಮಿಗೆ ಬಂದಾಗ ಬೆಳಗ್ಗಿನದನ್ನು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಏನೂ ಇಲ್ಲ ಎಂದು ಬರೆದಳು. ಆಮೇಲೆ ಅದನ್ನು ಹೊಡೆದುಹಾಕಿ ಬರೆದಳು: ಬಾಳೆಹಣ್ಣಿನ ತುದಿ, ಕಪ್ಪಗಾದದ್ದು. ಹತ್ತು ಗಂಟೆಯಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.

"ಅಜ್ಜ, ನಿಲ್ಲಿ," ಎಂದು ಕರೆದಳು. "ಸ್ವಲ್ಪ ಕಾದು ಮೊದಲನೇದನ್ನ ಮತ್ತೆ ನೋಡೋಣ."

ಅಜ್ಜ ಕೊಳವೆಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವಳು ಗೋಡೆಗೆ ತಲೆಯಾನಿಸಿದ್ದಷ್ಟೇ ನೆನಪು. ಅಜ್ಜ ಗಡಿಯಾರ ನೋಡುತ್ತ, ಹತ್ತು ದಾಟಿದರೂ ಎಬ್ಬಿಸದೆ, ಇನ್ನೊಂದಿಪ್ಪತ್ತು ನಿಮಿಷ ಹಾಗೇ ಬಿಟ್ಟ.